ಮುಷ್ಟಿಮಲ್ಲನ ಹಿಂದೆ ನಿಂತವನು

ಮುಷ್ಟಿಯುದ್ಧದ ಒಂದು ಸುತ್ತಿಗೆ ಮೂರು ನಿಮಿಷ. ಎರಡು ಸುತ್ತುಗಳ ನಡುವೆ ಒಂದು ನಿಮಿಷದ ವಿರಾಮ. ಗಂಟೆ ಬಾರಿಸಿದೊಡನೆ ಕಾದುತ್ತಿದ್ದವರು ಬೇರ್ಪಟ್ಟು, ತಂತಮ್ಮ ಮೂಲೆಗೆ ಹೋಗಿ, ಪುಟ್ಟದೊಂದು ಪೀಠದ ಮೇಲೆ ಕುಳಿತುಕೊಳ್ಳುತ್ತಾರೆ. ಆಗ ಹಗ್ಗಗಳ ನಡುವೆ ನುಸುಳಿ ಒಬ್ಬ ಮನುಷ್ಯ ಬರುತ್ತಾನೆ. ಸಾಮಾನ್ಯವಾಗಿ ವಯಸ್ಸಾದವನು, ಹೆಗಲ ಮೇಲೆ ಟವಲು, ಕೈಯಲ್ಲಿ ನೀರಿನ ಸೀಸೆ. ರಕ್ತ ಒರೆಸುತ್ತಾನೆ, ಬಾಯಿಗೆ ನೀರು ಹನಿಸುತ್ತಾನೆ, ಕಿವಿಯಲ್ಲಿ ನಾಲ್ಕು ಮಾತು ಹೇಳುತ್ತಾನೆ. ಮತ್ತೆ ಗಂಟೆಯಾಗುವ ವೇಳೆಗೆ ಮಾಯವಾಗಿರುತ್ತಾನೆ. ಹೆವಿವೇಟ್ ಕಿರೀಟಕ್ಕಾಗಿ ಹದಿನೈದು ಸುತ್ತುಗಳ ಕಾಳಗ ನಡೆಯುತ್ತಿದ್ದ ಕಾಲದಲ್ಲಿ ಮಲ್ಲನ ಪಾಲಿಗೆ 45 ನಿಮಿಷ ಬಂದರೆ ಈ ಮನುಷ್ಯನ ಪಾಲಿಗೆ ಬರುತ್ತಿದ್ದುದು 14 ನಿಮಿಷ. ಮರುದಿನದ ಪತ್ರಿಕೆಯಲ್ಲಿ ಚಿತ್ರ ಅಚ್ಚಾಗುವುದು ಮೊದಲನೆಯವನದು. ಎರಡನೆಯವನನ್ನು ಟ್ರೈನರ್ ಎನ್ನುತ್ತಾರೆ; ನಮ್ಮ ಗರಡಿಮನೆಯ ಮಾತಿನಲ್ಲಿ ಹೇಳುವುದಾದರೆ ಉಸ್ತಾದ.

ಮುಂದೆ ಗುರಿಯಿರಬೇಕು, ಹಿಂದೆ ಗುರುವಿರಬೇಕು ಎಂಬ ಮಾತು ನಿಮಗೆಲ್ಲ ತಿಳಿದದ್ದೇ. ಮುಷ್ಟಿಯುದ್ಧದಲ್ಲಿ ಇದು ಅಕ್ಷರಶಃ ನಿಜ. ಗುರಿ ಎದುರಿಗೇ ನಿಂತು ಗುದ್ದುತ್ತಿರುತ್ತದೆ, ಗುರು ಬೆನ್ನ ಹಿಂದಿನ ಮೂಲೆಯಲ್ಲಿರುತ್ತಾನೆ. ಆದರೆ ಗೆದ್ದವನ ಗೆಲುವಿನಲ್ಲಿ ಈ ಗುರುವಿನ ಪಾಲೆಷ್ಟು? ಮಲ್ಲರು ಹುಟ್ಟುತ್ತಾರೆ, ಅವರನ್ನು ಯಾರೂ ಮಾಡಲಾರರು ಎನ್ನುವವರಿದ್ದಾರೆ. ಹುಡುಗ ಹಸಿಮಣ್ಣು, ಉಸ್ತಾದ ಕುಂಬಾರ ಎನ್ನುವವರೂ ಇದ್ದಾರೆ. ಇಪ್ಪತ್ತನೆಯ ಶತಮಾನದ ಅಮೆರಿಕದಲ್ಲಿ ಬಾಳಿದ ಮೂವರು ಶಿಕ್ಷಕರ ಕಥೆಯನ್ನು ನಿಮ್ಮ ಮುಂದಿಡುತ್ತೇನೆ. ಎರಡು ಪಕ್ಷಗಳಲ್ಲಿ ಯಾವುದು ಸರಿಯೆಂಬುದನ್ನು ನೀವೇ ತೂಗಿ ನೋಡಬಹುದು.

ಮೊದಲನೆಯವನು ಜ್ಯಾಕ್ ಬ್ಲ್ಯಾಕ್‌ಬರ್ನ್. 1883ರಲ್ಲಿ ಕೆಂಟಕಿ ಪ್ರಾಂತದಲ್ಲಿ ಹುಟ್ಟಿದ ಕಪ್ಪು ಜನಾಂಗದವನು. ತೆಳ್ಳನೆಯ ಮೈ, ಲೈಟ್‌ವೇಟ್ ದರ್ಜೆಯ ಮಲ್ಲ. ಆದರೂ ಜೋ ಗ್ಯಾನ್ಸ್, ಸ್ಯಾಮ್ ಲ್ಯಾಂಗ್‌ಫರ್ಡ್‌ರಂಥ ಘಟಾನುಘಟಿಗಳೊಡನೆ ಕಾದಿ ತಲೆಯೆತ್ತಿ ನಿಂತವನು. ಕೈಯಲ್ಲಿ ವಿದ್ಯೆಯಿತ್ತು, ಮನಸ್ಸಿನಲ್ಲಿ ಹಿಡಿತವಿರಲಿಲ್ಲ. ಕುಡಿತ ಬಹಳ, ಕೋಪ ಅದಕ್ಕಿಂತ ಬಹಳ. 1909ರಲ್ಲಿ ಫಿಲಡೆಲ್ಫಿಯದಲ್ಲಿ ಜಗಳವೊಂದರಲ್ಲಿ ಗುಂಡು ಹಾರಿಸಿ ಒಬ್ಬನನ್ನು ಕೊಂದು, ನಾಲ್ಕು ವರ್ಷಕ್ಕೂ ಮೀರಿ ಸೆರೆಮನೆಯಲ್ಲಿ ಕಳೆದ. ಇಂಥವನು ಮತ್ತೊಬ್ಬನಿಗೆ ಶಿಸ್ತು ಕಲಿಸಿದನೆಂದರೆ ನಿಮಗೆ ಆಶ್ಚರ್ಯವಾದೀತು. ಆದರೆ ಕಲಿಸಿದ್ದು ನಿಜ.

1934ರಲ್ಲಿ ಡೆಟ್ರಾಯಿಟ್ ನಗರದ ಜಾನ್ ರಾಕ್ಸ್‌ಬರೊ, ಷಿಕಾಗೋದ ಜೂಲಿಯನ್ ಬ್ಲ್ಯಾಕ್ ಎಂಬ ಇಬ್ಬರು ವ್ಯವಸ್ಥಾಪಕರು ಇಪ್ಪತ್ತು ವರ್ಷದ ಹುಡುಗನೊಬ್ಬನನ್ನು ಅವನ ಬಳಿಗೆ ಕರೆತಂದರು. ಅವನೇ ಜೋ ಲೂಯಿಸ್. 1914ರಲ್ಲಿ ಅಲಬಾಮದ ಹತ್ತಿ ಹೊಲಗಳ ನಡುವೆ ಹುಟ್ಟಿ, ಹನ್ನೆರಡನೆಯ ವಯಸ್ಸಿನಲ್ಲಿ ಮನೆಯವರೊಡನೆ ಡೆಟ್ರಾಯಿಟ್‌ಗೆ ಬಂದ ಬಡವರ ಮಗ. ಪಿಟೀಲು ಕಲಿಯಲೆಂದು ತಾಯಿ ಕೊಟ್ಟ ಹಣವನ್ನು ಬ್ರೂಸ್ಟರ್ ವ್ಯಾಯಾಮಶಾಲೆಗೆ ಕಟ್ಟಿ ಗುದ್ದಾಟ ಕಲಿತವನು. ಆ ವರ್ಷ ಹವ್ಯಾಸಿಗಳ ರಾಷ್ಟ್ರೀಯ ಪಂದ್ಯವನ್ನು ಗೆದ್ದಿದ್ದ.

ಬ್ಲ್ಯಾಕ್‌ಬರ್ನ್ ಮೊದಲು ಹಿಂಜರಿದ. ಅದಕ್ಕೆ ಕಾರಣವಿತ್ತು. 1908ರಿಂದ 1915ರವರೆಗೆ ಹೆವಿವೇಟ್ ಕಿರೀಟ ಜ್ಯಾಕ್ ಜಾನ್ಸನ್ ಎಂಬ ಕಪ್ಪು ಮಲ್ಲನ ತಲೆಯ ಮೇಲಿತ್ತು. ಬಿಳಿಯರ ಕಟ್ಟಳೆಗಳಿಗೆ ಸೊಪ್ಪು ಹಾಕದೆ ಮೆರೆದ ಜಾನ್ಸನ್ನನ ಮೇಲಿನ ಸಿಟ್ಟು ಅವನು ಸೋತ ಬಳಿಕವೂ ಆರಲಿಲ್ಲ. ಮುಂದಿನ 22 ವರ್ಷಗಳ ಕಾಲ ಯಾವ ಕಪ್ಪು ಮಲ್ಲನಿಗೂ ಆ ಕಿರೀಟಕ್ಕಾಗಿ ಕಾದುವ ಅವಕಾಶವೇ ದೊರೆಯಲಿಲ್ಲ. ಬಾಗಿಲೇ ಮುಚ್ಚಿರುವ ಮನೆಗೆ ಹುಡುಗನನ್ನು ಸಿದ್ಧಪಡಿಸಿ ಫಲವೇನು? ಬ್ಲ್ಯಾಕ್‌ಬರ್ನ್‌ನ ಶಂಕೆ ಇದು. ಒಪ್ಪಿಕೊಂಡ ಮೇಲೆ ಅವನು ಶಿಷ್ಯನಿಗೆ ತಿಳಿಸಿದ ಮೊದಲ ಪಾಠವೂ ಇದಕ್ಕೆ ಸಂಬಂಧಿಸಿದ್ದೇ. ತೀರ್ಪುಗಾರರು ನಿನ್ನ ಪಕ್ಷಕ್ಕೆ ತೀರ್ಪು ಕೊಡುವರೆಂದು ನಂಬಬೇಡ, ಎದುರಾಳಿಯನ್ನು ನೆಲಕ್ಕೆ ಕೆಡವಿದರೆ ಮಾತ್ರ ನಿನ್ನ ಗೆಲುವನ್ನು ಯಾರೂ ಕಸಿಯಲಾರರು ಎಂಬುದು ಅದರ ಸಾರಾಂಶ.

ಲೂಯಿಸ್‌ನ ಪೆಟ್ಟಿನಲ್ಲಿ ಬಲವಿತ್ತು, ಪಾದದಲ್ಲಿ ನೆಲೆಯಿರಲಿಲ್ಲ. ಜೋರಾಗಿ ಬೀಸಿದಾಗ ತಾನೇ ತೂಕ ತಪ್ಪುತ್ತಿದ್ದ. ಬ್ಲ್ಯಾಕ್‌ಬರ್ನ್ ತಿದ್ದಲು ತೊಡಗಿದ್ದು ಅಲ್ಲಿಂದಲೇ. ಪೆಟ್ಟು ಹುಟ್ಟುವುದು ತೋಳಿನಲ್ಲಲ್ಲ, ಕಾಲಿನಲ್ಲಿ. ಅದು ಸೊಂಟಕ್ಕೇರಿ, ಹೆಗಲಿಗೇರಿ, ಮುಷ್ಟಿಗೆ ಬರಬೇಕು. ಒಂದು ಪೆಟ್ಟಿನ ಕೊನೆ ಮತ್ತೊಂದರ ಆರಂಭವಾಗಬೇಕು. ಕುಣಿದಾಡಬೇಡ, ಪಾದಗಳನ್ನು ನೆಲಕ್ಕೆ ಹತ್ತಿಸಿಕೊಂಡೇ ಇಂಚಿಂಚಾಗಿ ಸರಿದು ಎದುರಾಳಿಗೆ ನಿಲ್ಲುವ ಜಾಗವಿಲ್ಲದಂತೆ ಮಾಡು. ದೂರದಿಂದ ಬೀಸುವ ಉದ್ದನೆಯ ಪೆಟ್ಟಿಗಿಂತ ಆರೇಳು ಅಂಗುಲ ಚಲಿಸುವ ಗಿಡ್ಡ ಪೆಟ್ಟು ಮೇಲು. ಇಂದಿಗೂ ಲೂಯಿಸ್‌ನ ಹಳೆಯ ಚಲನಚಿತ್ರಗಳನ್ನು ನೋಡಿದವರು ಮೆಚ್ಚುವುದು ಈ ಮಿತವ್ಯಯವನ್ನೇ. ಅವನು ಒಂದು ಹೆಜ್ಜೆಯನ್ನೂ ಹಾಳುಮಾಡುವುದಿಲ್ಲ. ಆ ಶೈಲಿಯಲ್ಲಿ ಬಲ ಲೂಯಿಸ್‌ನದು, ಲೆಕ್ಕ ಬ್ಲ್ಯಾಕ್‌ಬರ್ನ್‌ನದು.

1934ರ ಜುಲೈ 4ರಂದು ಷಿಕಾಗೋದಲ್ಲಿ ಮೊದಲ ವೃತ್ತಿಪರ ಪಂದ್ಯ. ಮೊದಲ ಸುತ್ತಿನಲ್ಲೇ ಗೆಲುವು. ಮರುವರ್ಷ ಜೂನಿನಲ್ಲಿ ದೈತ್ಯನಂತಿದ್ದ ಪ್ರೀಮೊ ಕಾರ್ನೆರ, ಸೆಪ್ಟೆಂಬರಿನಲ್ಲಿ ಮ್ಯಾಕ್ಸ್ ಬೇರ್, ಇಬ್ಬರು ಮಾಜಿ ಜಗಜ್ಜೆಟ್ಟಿಗಳು ಅವನ ಮುಂದೆ ಉರುಳಿದರು. ಗುರುಶಿಷ್ಯರು ಒಬ್ಬರನ್ನೊಬ್ಬರು ‘ಚ್ಯಾಪಿ’ ಎಂದು ಒಂದೇ ಹೆಸರಿನಿಂದ ಕರೆದುಕೊಳ್ಳುತ್ತಿದ್ದರು. ರಿಂಗಿನ ಹೊರಗಿನ ನಡತೆಗೆ ಕಟ್ಟು ಹಾಕಿದವರು ವ್ಯವಸ್ಥಾಪಕರು. ಬಿದ್ದ ಎದುರಾಳಿಯನ್ನು ನೋಡಿ ಹಿಗ್ಗಕೂಡದು, ಬಿಳಿಯ ಹೆಂಗಸಿನೊಡನೆ ಚಿತ್ರ ತೆಗೆಸಿಕೊಳ್ಳಕೂಡದು, ನೈಟ್‌ಕ್ಲಬ್ಬಿಗೆ ಒಂಟಿಯಾಗಿ ಹೋಗಕೂಡದು, ಮೋಸದ ಪಂದ್ಯ ಆಡಕೂಡದು ಎಂಬ ನಿಯಮಗಳನ್ನು ರಾಕ್ಸ್‌ಬರೊ ಗೊತ್ತುಮಾಡಿದ್ದ. ಇವುಗಳಲ್ಲಿ ಕೆಲವು ನೀತಿಗೆ ಸೇರಿದವು; ಕೆಲವು ಅನ್ಯಾಯದ ಸಮಾಜದಲ್ಲಿ ಬದುಕಿ ಉಳಿಯುವ ಉಪಾಯಕ್ಕೆ ಸೇರಿದವು. ಜಾನ್ಸನ್ನನ ನೆರಳನ್ನು ದಾಟಲು ಲೂಯಿಸ್ ಮುಖದ ಮೇಲೊಂದು ಭಾವವನ್ನೂ ತೋರಿಸದೆ ನಡೆಯಬೇಕಾಯಿತು. ಆದುದರಿಂದ ಶಿಸ್ತಿನ ಯಶಸ್ಸೆಲ್ಲವನ್ನೂ ಶಿಕ್ಷಕನ ಲೆಕ್ಕಕ್ಕೇ ಜಮಾ ಮಾಡುವುದು ಸರಿಯಾಗದು.

ಗುರು ಹೇಳಿದ್ದನ್ನು ಶಿಷ್ಯ ಕೇಳದಿದ್ದರೆ? ಅದಕ್ಕೂ ಲೂಯಿಸ್‌ನ ಬಾಳಿನಲ್ಲೇ ಉತ್ತರವಿದೆ. 1936ರ ಜೂನ್ 19ರಂದು ಜರ್ಮನಿಯ ಮ್ಯಾಕ್ಸ್ ಷ್ಮೆಲಿಂಗ್ ಅವನನ್ನು ಹನ್ನೆರಡನೆಯ ಸುತ್ತಿನಲ್ಲಿ ಕೆಡವಿದ. ಹಿಂದಿನ ಡಿಸೆಂಬರಿನಲ್ಲಿ ಲೂಯಿಸ್‌ನ ಪಂದ್ಯವೊಂದನ್ನು ಹತ್ತಿರದಿಂದ ನೋಡಿ, ಎಡಗೈಯಿಂದ ಗುದ್ದಿದ ಮೇಲೆ ಅವನು ಆ ಕೈಯನ್ನು ಕೆಳಗಿಳಿಸುತ್ತಾನೆಂಬುದನ್ನು ಷ್ಮೆಲಿಂಗ್ ಗುರುತಿಸಿಕೊಂಡಿದ್ದ. ಕೈ ಇಳಿದ ಕ್ಷಣದಲ್ಲಿ ಅವನ ಬಲಗೈ ಬಂದು ಬೀಳುತ್ತಿತ್ತು. ಇತ್ತ ಲೂಯಿಸ್‌ಗೆ ಆಗತಾನೆ ಗಾಲ್ಫ್ ಆಟದ ಗೀಳು ಹತ್ತಿತ್ತು. ಅಭ್ಯಾಸದ ಶಿಬಿರದಲ್ಲಿ ಮೈ ಬಗ್ಗಿರಲಿಲ್ಲ. ಬ್ಲ್ಯಾಕ್‌ಬರ್ನ್ ಅದೇ ಮೂಲೆಯಲ್ಲಿ ನಿಂತಿದ್ದ. ವಾರಗಟ್ಟಲೆ ಶಿಬಿರದಲ್ಲಿ ಮಾಡದ ಕೆಲಸವನ್ನು ಒಂದು ನಿಮಿಷದ ವಿರಾಮದಲ್ಲಿ ಮಾಡಿಸಲು ಯಾವ ಗುರುವಿಗೂ ಸಾಧ್ಯವಿಲ್ಲ.

ಸೋಲಿನ ನಂತರ ನಡೆದದ್ದು ಗಮನಾರ್ಹ. ಎರಡೇ ತಿಂಗಳಲ್ಲಿ ಲೂಯಿಸ್ ಮತ್ತೆ ರಿಂಗಿಗಿಳಿದು ಜ್ಯಾಕ್ ಷಾರ್ಕಿಯನ್ನು ಮೂರನೆಯ ಸುತ್ತಿನಲ್ಲಿ ಗೆದ್ದ. 1937ರ ಜೂನ್ 22ರಂದು ಜೇಮ್ಸ್ ಬ್ರ್ಯಾಡಕ್‌ನನ್ನು ಎಂಟನೆಯ ಸುತ್ತಿನಲ್ಲಿ ಕೆಡವಿ ಜಗಜ್ಜೆಟ್ಟಿಯಾದ. ಸರಿಯಾಗಿ ಒಂದು ವರ್ಷದ ಬಳಿಕ, 1938ರ ಜೂನ್ 22ರಂದು, ನ್ಯೂಯಾರ್ಕಿನ ಯಾಂಕೀ ಕ್ರೀಡಾಂಗಣದಲ್ಲಿ ಷ್ಮೆಲಿಂಗ್ ಎರಡನೆಯ ಬಾರಿ ಎದುರಾದ. ನಾಟ್ಸಿ ಜರ್ಮನಿ ಅವನ ಹಿಂದಿನ ಗೆಲುವನ್ನು ತನ್ನ ಜನಾಂಗಶ್ರೇಷ್ಠತೆಯ ಸಾಕ್ಷಿಯೆಂದು ಸಾರಿಕೊಂಡಿತ್ತು. ಅಮೆರಿಕದಲ್ಲಿ ಕೋಟ್ಯಂತರ ಜನ ಆ ರಾತ್ರಿ ರೇಡಿಯೋ ಸುತ್ತ ಕುಳಿತಿದ್ದರು. ಜರ್ಮನಿಯಲ್ಲಿಯೂ ಜನ ನಿದ್ದೆಗೆಟ್ಟು ಆಲಿಸುತ್ತಿದ್ದರು. ರೇಡಿಯೋ ಹಚ್ಚಲು ಸ್ವಲ್ಪ ತಡಮಾಡಿದವರಿಗೆ ಕೇಳಲು ಏನೂ ಉಳಿಯಲಿಲ್ಲ. 124 ಸೆಕೆಂಡುಗಳಲ್ಲಿ ಕಾಳಗ ಮುಗಿದಿತ್ತು. ಇಳಿಯುತ್ತಿದ್ದ ಆ ಎಡಗೈ ಈ ಸಲ ಇಳಿಯಲಿಲ್ಲ.

ಮೂಲೆಯ ಆ ಒಂದು ನಿಮಿಷಕ್ಕೆ ಬೆಲೆಯಿಲ್ಲವೆಂದು ನೀವು ಭಾವಿಸಬಾರದು. 1941ರ ಜೂನ್ 18ರಂದು ಬಿಲ್ಲಿ ಕಾನ್ ಎಂಬ ಹಗುರಾದ, ಚುರುಕಾದ ಮಲ್ಲ ಹನ್ನೆರಡು ಸುತ್ತುಗಳವರೆಗೆ ಲೂಯಿಸ್‌ನನ್ನು ಆಟವಾಡಿಸಿದ. ಮೂವರು ತೀರ್ಪುಗಾರರಲ್ಲಿ ಇಬ್ಬರ ಲೆಕ್ಕದಲ್ಲಿ ಕಾನ್ ಮುಂದಿದ್ದ. ನೀನು ಸೋಲುತ್ತಿದ್ದೀಯೆ, ಇವನನ್ನು ಕೆಡವದೆ ಬೇರೆ ದಾರಿಯಿಲ್ಲ ಎಂಬ ಸತ್ಯವನ್ನು ಮೂಲೆಯಲ್ಲಿ ಲೂಯಿಸ್‌ಗೆ ಮುಚ್ಚುಮರೆಯಿಲ್ಲದೆ ಹೇಳಲಾಯಿತು. ಹದಿಮೂರನೆಯ ಸುತ್ತು ಮುಗಿಯಲು ಎರಡೇ ಸೆಕೆಂಡು ಉಳಿದಿದ್ದಾಗ ಕಾನ್ ನೆಲಕ್ಕೊರಗಿ ಸೋತ. ಜಗತ್ತೆಲ್ಲ ಹೊಗಳುವವನಿಗೆ ನೀನು ಸೋಲುತ್ತಿದ್ದೀಯೆ ಎಂದು ಹೇಳುವವರು ಎಷ್ಟು ಮಂದಿಯಿರುತ್ತಾರೆ? ಬಹುಶಃ ಶಿಕ್ಷಕನ ಸಂಬಳದ ಅರ್ಧಭಾಗ ಈ ಒಂದು ಮಾತಿಗಾಗಿಯೇ ಸಲ್ಲಬೇಕು.

1942ರ ಏಪ್ರಿಲ್‌ನಲ್ಲಿ ಬ್ಲ್ಯಾಕ್‌ಬರ್ನ್ ತೀರಿಕೊಂಡ. ಲೂಯಿಸ್ ಆಗ ಯುದ್ಧಕಾಲದ ಸೇನೆಯಲ್ಲಿದ್ದ. ಗುರುವಿಲ್ಲದೆಯೂ ಅವನು ಏಳು ವರ್ಷ ಕಿರೀಟವನ್ನು ಉಳಿಸಿಕೊಂಡು, ಮೊದಲಿನಿಂದ ಒಟ್ಟು 25 ಬಾರಿ ಅದನ್ನು ಕಾಪಾಡಿ, 1949ರಲ್ಲಿ ನಿವೃತ್ತನಾದ. ಕಲಿತ ಲೆಕ್ಕ ಮೈಯಲ್ಲಿ ಇಳಿದುಹೋಗಿತ್ತು. ಆದರೆ ಹಣದ ಲೆಕ್ಕವನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ಎರಡು ಪಂದ್ಯಗಳ ಸಂಪಾದನೆಯನ್ನು ನೌಕಾಪಡೆ ಮತ್ತು ಭೂಸೇನೆಯ ಪರಿಹಾರನಿಧಿಗಳಿಗೆ ಕೊಟ್ಟ ಉದಾರಿ, ಕೈಬಿಚ್ಚಿ ಖರ್ಚುಮಾಡಿ ತೆರಿಗೆಯ ಸಾಲದಲ್ಲಿ ಮುಳುಗಿದ. ಅದೇ ಸಾಲಕ್ಕಾಗಿ 1950ರಲ್ಲಿ ಮತ್ತೆ ಕೈಗವಸು ತೊಟ್ಟು ಎಝಾರ್ಡ್ ಚಾರ್ಲ್ಸ್‌ಗೆ ಸೋತ. ಮರುವರ್ಷ ತರುಣ ರಾಕಿ ಮಾರ್ಸಿಯಾನೊ ಅವನನ್ನು ಹಗ್ಗದ ಹೊರಕ್ಕೆ ಉರುಳಿಸಿದ. ಗರಡಿಯ ಶಿಸ್ತು ಬಾಳಿನ ಶಿಸ್ತಾಗಿ ತಾನೇ ಮಾರ್ಪಡುತ್ತದೆಂಬ ನಂಬಿಕೆ ನಮ್ಮಲ್ಲಿ ಬಹಳ ಮಂದಿಗಿದೆ. ಲೂಯಿಸ್‌ನ ಕಥೆ ಅದನ್ನು ಪೂರ್ತಿಯಾಗಿ ಸಮರ್ಥಿಸುವುದಿಲ್ಲ.

ಎರಡನೆಯ ಶಿಕ್ಷಕನ ಕಥೆಯಲ್ಲಿ ಈ ಕೊರತೆ ಇನ್ನೂ ದೊಡ್ಡದಾಗಿ ಕಾಣುತ್ತದೆ. ಅವನ ಹೆಸರು ಕಸ್ ಡಮಾಟೊ. 1908ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದವನು. 1956ರಲ್ಲಿ 21 ವರ್ಷದ ಫ್ಲಾಯ್ಡ್ ಪ್ಯಾಟರ್‌ಸನ್‌ನನ್ನು ಅಂದಿನವರೆಗಿನ ಅತ್ಯಂತ ಕಿರಿಯ ಹೆವಿವೇಟ್ ಜಗಜ್ಜೆಟ್ಟಿಯನ್ನಾಗಿ ಮಾಡಿದ ವ್ಯವಸ್ಥಾಪಕ ಇವನೇ. ಎರಡು ಕೈಗವಸುಗಳನ್ನೂ ಕೆನ್ನೆಗೆ ಒತ್ತಿ ಹಿಡಿದು, ತಲೆಯನ್ನು ಸದಾ ಅಲುಗಿಸುತ್ತ ನುಗ್ಗುವ ಶೈಲಿ ಇವನ ಶಿಷ್ಯರ ಗುರುತು. ಹಾಸಿಗೆಗಳನ್ನು ಸುತ್ತಿ ಕಟ್ಟಿದ ಬೊಂಬೆಯ ಮೇಲೆ ಅಂಕಿಗಳನ್ನು ಬರೆದು, ಅಂಕಿ ಕೂಗಿದೊಡನೆ ಆ ಜಾಗಕ್ಕೆ ಪೆಟ್ಟು ಬೀಳುವಂತೆ ಅವನು ಅಭ್ಯಾಸ ಮಾಡಿಸುತ್ತಿದ್ದ. ಆದರೆ ಅವನು ಹೆಚ್ಚಾಗಿ ಮಾತನಾಡುತ್ತಿದ್ದುದು ಭಯವನ್ನು ಕುರಿತು. ಭಯ ಬೆಂಕಿಯಂಥದು, ಹತೋಟಿಯಲ್ಲಿಟ್ಟರೆ ಅಡಿಗೆಯಾಗುತ್ತದೆ, ತಪ್ಪಿದರೆ ಮನೆ ಸುಡುತ್ತದೆ ಎಂದು ಹುಡುಗರಿಗೆ ತಿಳಿಹೇಳುತ್ತಿದ್ದ.

ವೃದ್ಧಾಪ್ಯದಲ್ಲಿ ಡಮಾಟೊ ನ್ಯೂಯಾರ್ಕ್ ನಗರವನ್ನು ಬಿಟ್ಟು ಕ್ಯಾಟ್‌ಸ್ಕಿಲ್ ಎಂಬ ಸಣ್ಣ ಊರಿನಲ್ಲಿ ನೆಲೆಸಿದ್ದ. ಅಲ್ಲಿಯ ಪೊಲೀಸ್ ಠಾಣೆಯ ಮಹಡಿಯಲ್ಲಿ ಅವನ ಗರಡಿ. 1980ರಲ್ಲಿ ಹದಿಮೂರು ವರ್ಷದ ಹುಡುಗನೊಬ್ಬನನ್ನು ಅಲ್ಲಿಗೆ ತಂದರು. ಬ್ರೂಕ್ಲಿನ್ ಬೀದಿಗಳಲ್ಲಿ ಕಳ್ಳತನ ಮಾಡಿ ಪದೇ ಪದೇ ಪೊಲೀಸರ ಕೈಗೆ ಸಿಕ್ಕು, ಬಾಲಾಪರಾಧಿಗಳ ಶಾಲೆ ಸೇರಿದ್ದ ಮೈಕ್ ಟೈಸನ್ ಅವನು. ಎಪ್ಪತ್ತೆರಡರ ಮುದುಕ ಆ ಹುಡುಗನಲ್ಲಿ ಮುಂದಿನ ಜಗಜ್ಜೆಟ್ಟಿಯನ್ನು ಕಂಡ. ಮನೆಯಲ್ಲಿರಿಸಿಕೊಂಡು ಅನ್ನವಿಕ್ಕಿದ; ಹಳೆಯ ಮಲ್ಲರ ಚಲನಚಿತ್ರಗಳನ್ನು ರಾತ್ರಿಯೆಲ್ಲ ತೋರಿಸಿದ; 1982ರಲ್ಲಿ ಹುಡುಗನ ತಾಯಿ ತೀರಿಕೊಂಡ ಮೇಲೆ ಕಾನೂನಿನ ಪ್ರಕಾರ ಪೋಷಕನಾದ.

ಇಲ್ಲಿ ನಾವು ಸ್ವಲ್ಪ ನಿಂತು ಯೋಚಿಸಬೇಕು. ಹುಡುಗನ ನಡತೆ ಕೆಟ್ಟಾಗ ಅವನನ್ನು ಗರಡಿಯಿಂದ ದೂರವಿಡಬೇಕೆಂದು ಸಹಾಯಕನಾಗಿದ್ದ ಟೆಡ್ಡಿ ಅಟ್ಲಾಸ್ ಪಟ್ಟುಹಿಡಿದ. ಬೇರೆ ಹುಡುಗರಿಗಿದ್ದ ನಿಯಮ ಟೈಸನ್‌ಗೂ ಇರಬೇಕೆಂಬುದು ಅವನ ವಾದ. ಡಮಾಟೊ ಒಪ್ಪಲಿಲ್ಲ. ಅವನ ಬಳಿ ಉಳಿದಿದ್ದ ಕಾಲ ಕಡಿಮೆ. ಇಂಥ ಹುಡುಗ ಇನ್ನೊಮ್ಮೆ ಸಿಕ್ಕುವಂತಿರಲಿಲ್ಲ. 1982ರಲ್ಲಿ ಅಟ್ಲಾಸ್ ಅಲ್ಲಿಂದ ಹೊರಬಿದ್ದ. ಗುದ್ದಾಟದ ಶಿಸ್ತಿನಲ್ಲಿ ಕೂದಲೆಳೆಯಷ್ಟೂ ರಿಯಾಯಿತಿ ತೋರದ ಗುರು ನಡತೆಯ ಶಿಸ್ತಿನಲ್ಲಿ ಕಣ್ಣುಮುಚ್ಚಿಕೊಂಡ. ಶಿಷ್ಯನಿಗಾಗಿ ಗುರುವಿನ ಆಸೆ ಅತಿಯಾದಾಗ ಶಿಸ್ತಿಗೆ ಮೊದಲು ಬಿರುಕು ಬೀಳುವುದು ಗುರುವಿನ ಕಡೆಯಿಂದಲೇ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಕ್ಕದು.

ಡಮಾಟೊ 1985ರ ನವೆಂಬರಿನಲ್ಲಿ ತೀರಿಕೊಂಡ. ಒಂದು ವರ್ಷದ ಬಳಿಕ, 1986ರ ನವೆಂಬರ್ 22ರಂದು, ಟೈಸನ್ ಎರಡನೆಯ ಸುತ್ತಿನಲ್ಲಿ ಟ್ರೆವರ್ ಬರ್ಬಿಕ್‌ನನ್ನು ಕೆಡವಿ ಜಗಜ್ಜೆಟ್ಟಿಯಾದ. ವಯಸ್ಸು ಇನ್ನೂ ಇಪ್ಪತ್ತು. ಪ್ಯಾಟರ್‌ಸನ್‌ನ ದಾಖಲೆಯನ್ನು ಮುರಿದವನೂ ಡಮಾಟೊನ ಶಿಷ್ಯನೇ. ಆ ಗರಡಿಯಲ್ಲೇ ಬೆಳೆದ ಕೆವಿನ್ ರೂನಿ ಮೂಲೆಯಲ್ಲಿರುವವರೆಗೆ ಹಳೆಯ ಪದ್ಧತಿ ನಡೆಯಿತು. 1988ರಲ್ಲಿ ರೂನಿಯನ್ನು ತೆಗೆದುಹಾಕಿದರು. ತಲೆಯನ್ನು ಅಲುಗಿಸುವುದು ನಿಂತಿತು, ಎರಡು ಮೂರು ಪೆಟ್ಟುಗಳ ಹೆಣಿಗೆ ಹೋಗಿ ಒಂದೇ ಪೆಟ್ಟಿನ ಆಸೆ ಬಂದಿತು. 1990ರ ಫೆಬ್ರವರಿ 11ರಂದು ಟೋಕಿಯೋದಲ್ಲಿ, ಯಾರೂ ಲೆಕ್ಕಕ್ಕಿಟ್ಟಿರದ ಬಸ್ಟರ್ ಡಗ್ಲಸ್ ಹತ್ತನೆಯ ಸುತ್ತಿನಲ್ಲಿ ಅವನನ್ನು ಮಲಗಿಸಿದ. ಅದುವರೆಗೆ 37 ಪಂದ್ಯಗಳಲ್ಲಿ ಒಂದನ್ನೂ ಸೋಲದವನು ನೆಲದ ಮೇಲೆ ತನ್ನ ಹಲ್ಲುಕವಚಕ್ಕಾಗಿ ತಡವರಿಸುತ್ತಿದ್ದ ದೃಶ್ಯವನ್ನು ಕಂಡವರು ಮರೆಯುವಂತಿಲ್ಲ. ಎರಡು ವರ್ಷದ ಮೇಲೆ ಅತ್ಯಾಚಾರದ ಅಪರಾಧ ಸಾಬೀತಾಗಿ ಅವನು ಸೆರೆಮನೆ ಸೇರಿದ.

ಬ್ಲ್ಯಾಕ್‌ಬರ್ನ್ ಸತ್ತಾಗ ಲೂಯಿಸ್‌ಗೆ ಇಪ್ಪತ್ತೇಳು ತುಂಬಿತ್ತು. ಡಮಾಟೊ ಸತ್ತಾಗ ಟೈಸನ್‌ಗೆ ಹತ್ತೊಂಬತ್ತು. ಲೂಯಿಸ್‌ಗೆ ಸೋಲಿನ ಪಾಠ ಗುರುವಿದ್ದಾಗಲೇ ದೊರೆಯಿತು, ತಿದ್ದಿಕೊಳ್ಳಲು ಗುರುವೂ ಇದ್ದ. ಟೈಸನ್ ಜಗಜ್ಜೆಟ್ಟಿಯಾಗಿ ಸೋತಾಗ ತಿದ್ದುವವರು ಯಾರೂ ಉಳಿದಿರಲಿಲ್ಲ. ಹಾಗೆಂದ ಮಾತ್ರಕ್ಕೆ ಅವನ ತಪ್ಪುಗಳ ಹೊಣೆ ಸತ್ತ ಮುದುಕನದೆಂದು ಹೇಳಲಾಗದು. ಬೆಳೆದ ಮನುಷ್ಯನ ನಡತೆಗೆ ಅವನೇ ಹೊಣೆ. ಹೊರಗಿನಿಂದ ಕಟ್ಟಿದ ಕಟ್ಟು ಒಳಗಿನ ಕಟ್ಟಾಗಲು ಕಾಲ ಬೇಕು, ಆ ಕಾಲ ಇಲ್ಲಿ ಸಾಲಲಿಲ್ಲ ಎಂದಷ್ಟೇ ಹೇಳಬಹುದು.

ಮೂರನೆಯ ಶಿಕ್ಷಕನನ್ನು ನೋಡಲು ನಾವು ಮತ್ತೆ ಡೆಟ್ರಾಯಿಟ್‌ನ ಬ್ರೂಸ್ಟರ್ ವ್ಯಾಯಾಮಶಾಲೆಗೆ ಹೋಗಬೇಕು. ಲೂಯಿಸ್ ಅಲ್ಲಿ ಪಳಗುತ್ತಿದ್ದಾಗ ಎಡ್ಡಿ ಫಚ್ ಎಂಬ ಹಗುರ ಮೈಯ ಹುಡುಗ ಅಲ್ಲಿದ್ದ. ಅವನ ವೇಗಕ್ಕಾಗಿ ಲೂಯಿಸ್ ಅವನೊಡನೆ ಅಭ್ಯಾಸದ ಗುದ್ದಾಟ ಆಡುತ್ತಿದ್ದ. ವೃತ್ತಿಪರನಾಗುವ ಹೊತ್ತಿಗೆ ವೈದ್ಯರು ಪರೀಕ್ಷಿಸಿ ಹೃದಯದಲ್ಲಿ ದೋಷವಿದೆ ಎಂದರು. ತಾನು ಕಾದಲಾಗದವನು ಕಾದುವವರನ್ನು ತಯಾರಿಸತೊಡಗಿದ. 1973ರಲ್ಲಿ ಮಹಮ್ಮದ್ ಅಲಿಯ ದವಡೆ ಮುರಿದು ಗೆದ್ದ ಕೆನ್ ನಾರ್ಟನ್ ಇವನ ಶಿಷ್ಯ. ಅದಕ್ಕೆ ಮೊದಲು, 1971ರಲ್ಲಿ ಅಲಿಯನ್ನು ಮೊಟ್ಟಮೊದಲು ಸೋಲಿಸಿದ ಜೋ ಫ್ರೇಝಿಯರ್‌ನ ಬಳಗದಲ್ಲಿಯೂ ಇವನಿದ್ದ. ಫ್ರೇಝಿಯರ್‌ನ ಹಿರಿಯ ಶಿಕ್ಷಕ ಯಾಂಕ್ ಡರಮ್ 1973ರಲ್ಲಿ ತೀರಿಕೊಂಡ ಮೇಲೆ ಮೂಲೆಯ ಹೊಣೆ ಫಚ್‌ಗೆ ಬಂದಿತು.

1975ರ ಅಕ್ಟೋಬರ್ 1ರಂದು ಫಿಲಿಪ್ಪೀನ್ಸ್‌ನ ಮ್ಯಾನಿಲಾ ಬಳಿ ಅಲಿ ಮತ್ತು ಫ್ರೇಝಿಯರ್ ಮೂರನೆಯ ಬಾರಿ ಎದುರಾದರು. ಅಮೆರಿಕದ ಪ್ರೇಕ್ಷಕರ ಅನುಕೂಲಕ್ಕಾಗಿ ಕಾಳಗ ನಡೆದದ್ದು ಅಲ್ಲಿಯ ಬೆಳಗಿನ ಹೊತ್ತು. ಒಳಾಂಗಣದ ಸೆಕೆ ಸಹಿಸಲಸಾಧ್ಯ. ಹದಿನಾಲ್ಕು ಸುತ್ತು ಇಬ್ಬರೂ ಜೀವದ ಹಂಗು ತೊರೆದು ಹೊಡೆದಾಡಿದರು. ಫ್ರೇಝಿಯರ್‌ನ ಬಲಗಣ್ಣು ಊದಿ ಮುಚ್ಚಿತು. ಎಡಗಣ್ಣಿನ ದೃಷ್ಟಿ ಮೊದಲೇ ಮಂದ. ಅಲಿಯ ಬಲಗೈ ಬರುತ್ತಿರುವುದೇ ಅವನಿಗೆ ಕಾಣುತ್ತಿರಲಿಲ್ಲ. ಹದಿನಾಲ್ಕನೆಯ ಸುತ್ತು ಮುಗಿದು ಅವನು ಪೀಠದ ಮೇಲೆ ಕುಳಿತಾಗ, ಇನ್ನು ಸಾಕು ಎಂದು ಫಚ್ ಹೇಳಿದ. ಬೇಡ, ನನಗೆ ಅವನು ಬೇಕು ಎಂದು ಫ್ರೇಝಿಯರ್ ಪ್ರತಿಭಟಿಸಿ ಏಳಲು ಹೋದ. ಫಚ್ ಅವನ ಹೆಗಲ ಮೇಲೆ ಕೈಯಿಟ್ಟು ಕೂರಿಸಿದ. ಇಂದು ನೀನು ಮಾಡಿದ್ದನ್ನು ಯಾರೂ ಮರೆಯುವುದಿಲ್ಲ ಎಂದು ಸಮಾಧಾನ ಹೇಳಿ, ಕಾಳಗ ಮುಗಿಯಿತೆಂದು ರೆಫರಿಗೆ ಸನ್ನೆ ಮಾಡಿದ. ಉಳಿದಿದ್ದುದು ಮೂರೇ ನಿಮಿಷ. ಎದುರಿನ ಮೂಲೆಯಲ್ಲಿ ಅಲಿಯೂ ನಿಲ್ಲಲಾರದಷ್ಟು ಬಳಲಿದ್ದ. ಫಚ್ ಸ್ವಲ್ಪ ತಡೆದಿದ್ದರೆ ಏನಾಗುತ್ತಿತ್ತೆಂಬ ವಾದ ಇಂದಿಗೂ ನಿಂತಿಲ್ಲ.

ಆ ವಾದಕ್ಕೆ ಉತ್ತರವನ್ನು ನಾನು ಬೇರೊಂದು ಪಂದ್ಯದಿಂದ ಕೊಡುತ್ತೇನೆ. 1982ರ ನವೆಂಬರ್ 13ರಂದು ಅಮೆರಿಕದ ಲಾಸ್ ವೇಗಸ್‌ನಲ್ಲಿ ಕೊರಿಯದ ತರುಣ ಕಿಮ್ ಡುಕ್ ಕೂ, ರೇ ಮ್ಯಾನ್ಸಿನಿಯೊಡನೆ ಕಾದಿದ. ಹದಿಮೂರು ಸುತ್ತು ಪೆಟ್ಟು ತಿಂದೂ ಎದ್ದು ನಿಂತ. ಅವನನ್ನು ಯಾರೂ ತಡೆಯಲಿಲ್ಲ. ಹದಿನಾಲ್ಕನೆಯ ಸುತ್ತು ಆರಂಭವಾದ ಕೆಲವೇ ಸೆಕೆಂಡುಗಳಲ್ಲಿ ಬಿದ್ದವನು ಕೆಲವು ದಿನಗಳ ಬಳಿಕ ಆಸ್ಪತ್ರೆಯಲ್ಲಿ ಸತ್ತ. ಜಗಜ್ಜೆಟ್ಟಿ ಪಂದ್ಯಗಳನ್ನು ಹದಿನೈದರಿಂದ ಹನ್ನೆರಡು ಸುತ್ತಿಗೆ ಇಳಿಸಿದ್ದು ಆ ಸಾವಿನ ನಂತರ. ಫಚ್ ಇಂಥ ಸಾವುಗಳನ್ನು ಮೊದಲೇ ಕಣ್ಣಾರೆ ಕಂಡವನು. ಅವನಿಗೆ ಕಿರೀಟ ಬೇಡವಾಗಿರಲಿಲ್ಲ. ಆದರೆ ಫ್ರೇಝಿಯರ್‌ನ ಮನೆಯಲ್ಲಿ ಮಕ್ಕಳಿದ್ದರೆಂಬುದು ಆ ನಿಮಿಷದಲ್ಲಿ ಅವನಿಗೆ ನೆನಪಿತ್ತು. ಫ್ರೇಝಿಯರ್ ಅನಂತರ ಮೂವತ್ತಾರು ವರ್ಷ ಬದುಕಿ 2011ರಲ್ಲಿ ತೀರಿಕೊಂಡ.

ಈಗ ತಕ್ಕಡಿ ನಿಮ್ಮ ಕೈಯಲ್ಲಿದೆ. ಪೆಟ್ಟಿನ ಬಲವನ್ನು ಗುರು ಕೊಡಲಾರ. ಆ ಬಲ ಹಾಳಾಗದಂತೆ ನಡೆಸುವ ಬುದ್ಧಿಯನ್ನು ಕೊಡಬಲ್ಲ. ಲೂಯಿಸ್‌ನ ಪಾದ, ಟೈಸನ್‌ನ ತಲೆಯ ಚಲನೆ ಇವು ಕಲಿಸಿ ಬಂದವು. ಇವಿಲ್ಲದೆ ಇಬ್ಬರೂ ಜಗಜ್ಜೆಟ್ಟಿಗಳಾಗುತ್ತಿದ್ದರೆಂದು ನಂಬುವುದು ಕಷ್ಟ. ಶಿಸ್ತಿನ ವಿಷಯದಲ್ಲಿ ಅವನ ಪಾಲು ಅಷ್ಟು ದೊಡ್ಡದಲ್ಲ. ಅವನು ನಿಯಮವನ್ನು ಹಾಕಬಹುದು, ತಾನೇ ಅದನ್ನು ಮುರಿಯದಿರಬಹುದು. ಹುಡುಗ ಅದನ್ನು ತನ್ನದಾಗಿ ಮಾಡಿಕೊಳ್ಳುವವರೆಗೆ ಕಾಯಬೇಕಾಗುತ್ತದೆ. ಮಗನಿಗೆ ಪಾಠ ಹೇಳಿಕೊಡುವ ತಂದೆತಾಯಿಗಳಿಗೂ ಉಪಾಧ್ಯಾಯರಿಗೂ ಇದು ಹೊಸ ಮಾತಲ್ಲ.

ಶಿಷ್ಯನ ಇಷ್ಟಕ್ಕೆ ವಿರುದ್ಧವಾಗಿ, ತನ್ನ ಲಾಭಕ್ಕೂ ವಿರುದ್ಧವಾಗಿ, ಸಾಕು ಎನ್ನುವ ಅಧಿಕಾರ ಮಾತ್ರ ಪೂರ್ತಿಯಾಗಿ ಗುರುವಿಗೇ ಸೇರಿದ್ದು. ಮುಂದೆ ಎಂದಾದರೂ ಟೆಲಿವಿಷನ್ನಿನಲ್ಲಿ ನೀವು ಮುಷ್ಟಿಯುದ್ಧವನ್ನು ನೋಡಿದಾಗ, ಸುತ್ತು ಮುಗಿದ ಒಡನೆ ಎದ್ದು ಹೋಗದೆ, ಮೂಲೆಯಲ್ಲಿ ಬಾಗಿ ನಿಂತ ಆ ಮುದುಕನನ್ನು ಸ್ವಲ್ಪ ಗಮನಿಸಿ ನೋಡಿ. ಅವನು ಶಿಷ್ಯನ ಕಿವಿಯಲ್ಲಿ ಮಾತನಾಡುತ್ತಿರುತ್ತಾನೆ. ಅವನ ಕಣ್ಣು ಮಾತ್ರ ಶಿಷ್ಯನ ಕಣ್ಣನ್ನು ಪರೀಕ್ಷಿಸುತ್ತಿರುತ್ತದೆ.